ನನಗಿಂತ ಚಿಕ್ಕವರಾದ ಅತ್ತೆ

ನನ್ನ ಅತ್ತೆ ಹೊಂಬಾಳಮ್ಮನವರು ಯುದ್ಧ ಮುಗಿಸಿಕೊಂಡು ಮನೆಗೆ ಬಂದಾಗ ಅವರಿಗೆ ನಲವತ್ತೆರಡು ವರ್ಷ, ನನಗೆ ಎಪ್ಪತ್ತಾರು. ಅವರ ತಲೆಯಲ್ಲಿ ಒಂದು ಬಿಳಿ ಕೂದಲು ಹುಡುಕಬೇಕಾದರೆ ಮೂರು ಊರಿನ ಹೆಂಗಸರು ಸೇರಿ ಹೇನು ನೋಡಬೇಕಿತ್ತು. ನನ್ನ ತಲೆಯಲ್ಲಿ ಒಂದು ಕಪ್ಪು ಕೂದಲು ಹುಡುಕಲು ಅದೇ ಮೂರು ಊರಿನವರು ಯುಗಾದಿಯಿಂದ ದೀಪಾವಳಿಯವರೆಗೆ ಕೂತರೂ ಆಗುತ್ತಿರಲಿಲ್ಲ.

ನಮ್ಮೂರಲ್ಲಿ ಇದು ಬಾಯಿ ಬಿಡುವಂಥ ಸಂಗತಿಯೇನಲ್ಲ. ಯುದ್ಧದ ಹಡಗಿನಲ್ಲಿ ಒಂದು ವಾರ ಕಳೆಯುವಷ್ಟರಲ್ಲಿ ಊರಲ್ಲಿ ಒಂದು ವರ್ಷ ಕಳೆದಿರುತ್ತದೆ. ಯಾಕೆ ಎಂದು ಕೇಳಬೇಡಿ. ಹಾಲು ಯಾಕೆ ಹೆಪ್ಪಾಗುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಆಗುತ್ತದೆ, ನಾವು ಕಡೆದು ಮಜ್ಜಿಗೆ ಮಾಡಿಕೊಳ್ಳುತ್ತೇವೆ. ಅಷ್ಟೇ. ಯುದ್ಧ ನಡೆಯುವುದು ಚುಕ್ಕಿಗಳ ಆಚೆ. ಯಾರ ಮೇಲೆ ಎಂಬುದು ನನ್ನ ಅಜ್ಜಿಯ ಕಾಲಕ್ಕೇ ಮರೆತು ಹೋಗಿತ್ತು.

ನಮ್ಮೂರಿಂದ ಯುದ್ಧಕ್ಕೆ ಹೆಂಗಸರೇ ಹೋಗಬೇಕು. ಹಿಂದೆ ಒಂದೆರಡು ಸಲ ಗಂಡಸರನ್ನು ಕರೆದುಕೊಂಡು ಹೋಗಿ ನೋಡಿದರಂತೆ. ಊಟ ಬಡಿಸುವವರು ಯಾರು ಎಂದು ಕೇಳಿ ಕೇಳಿ ಪ್ರಾಣ ತೆಗೆದರಂತೆ. ಮನೆಗೊಬ್ಬಳು, ಹದಿನೆಂಟರಿಂದ ನಲವತ್ತೈದರೊಳಗಿನವಳು. ಒಬ್ಬಳು ಇಳಿದರೆ ಅದೇ ಮನೆಯಿಂದ ಇನ್ನೊಬ್ಬಳು ಹತ್ತಬೇಕು. ಮೇಲೆ ಯಾರಾದರೂ ಸತ್ತರೆ, ಅವರ ಜಾಗಕ್ಕೆ ಆ ಮನೆಯ ಇನ್ನೊಬ್ಬಳನ್ನು ಕರೆದೊಯ್ಯಲು ಅದೇ ವರ್ಷ ಸಣ್ಣ ದೋಣಿ ಬರುತ್ತದೆ. ಹತ್ತಿದವಳು ಉಸಿರಾಡಿಕೊಂಡು ಮೇಲೆ ಇರುವವರೆಗೆ ಆ ಮನೆಯ ತಂಟೆಗೆ ಯಾರೂ ಬರುವುದಿಲ್ಲ. ಇನ್ನು ವಯಸ್ಸಿನ ವಿಷಯ. ಅಜ್ಜಿಗಿಂತ ಮೊಮ್ಮಗಳು ದೊಡ್ಡವಳು, ತಂಗಿಗಿಂತ ಅಕ್ಕ ಚಿಕ್ಕವಳು ಆಗಿರುವ ಊರಲ್ಲಿ ಹುಟ್ಟಿದ ತಾರೀಖಿನ ಕಾಗದವನ್ನು ಯಾರೂ ನಂಬುವುದಿಲ್ಲ. ಮನೆಯ ಹಿರಿಯರು ಬಾಯಲ್ಲಿ ಏನು ಹೇಳುತ್ತಾರೋ ಅದೇ ವಯಸ್ಸು. ಹಿರಿಯರು ಎಂದರೆ ಮುಖದ ಸುಕ್ಕು ಎಣಿಸಿ ಅಲ್ಲ, ಸಂಬಂಧದಲ್ಲಿ ಹಿರಿಯರು. ಅತ್ತೆ ನಲವತ್ತೆರಡಕ್ಕೆ ಬಂದರೂ ಅತ್ತೆಯೇ, ಸೊಸೆ ನೂರಕ್ಕೆ ಹೋದರೂ ಸೊಸೆಯೇ.

ಹಡಗು ಇಳಿಯುವುದು ಊರಾಚೆಯ ಚಪ್ಪಟೆ ಬಂಡೆಯ ಮೇಲೆ. ಐವತ್ತಾರು ವರ್ಷ ಅದು ಬಾರದೆ ಇದ್ದುದರಿಂದ ನಾವು ಅಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದೆವು. ಅವತ್ತು ಬೆಳಗ್ಗೆ ಆಕಾಶದಲ್ಲಿ ಗುಡುಗುಟ್ಟಿದಾಗ ಮೆಣಸಿನಕಾಯಿ ಬಾಚಲು ಯಾರಿಗೂ ಪುರುಸೊತ್ತಾಗಲಿಲ್ಲ. ಹಡಗಿನ ಬೆಂಕಿ ಬಡಿದು ಎಂಟು ಮೂಟೆ ಗುಂಟೂರು ಮೆಣಸು ಒಂದೇ ಸಲ ಹೊಗೆಯಾಯಿತು. ಊರಿಗೆ ಊರೇ ಸೀನಿತು. ನಾಯಿ, ಕೋಳಿ, ತೊಟ್ಟಿಲ ಕೂಸು ಎಲ್ಲ ಸೀನಿದವು. ಯುದ್ಧ ಗೆದ್ದು ಬಂದ ವೀರರು ಮೂಗು ಹಿಡಿದುಕೊಂಡು ಏಣಿ ಇಳಿದರು. ಅವರಲ್ಲಿ ನಮ್ಮ ಅತ್ತೆ, ಹೋದಾಗ ಹೇಗಿದ್ದರೋ ಹಾಗೆ, ಕಡಗೋಲಿನಂತೆ ನೆಟ್ಟಗೆ.

ಕಾಲಿಗೆ ಬೀಳುವುದು ನನ್ನ ಧರ್ಮ, ಬಗ್ಗಿದೆ. ಬಗ್ಗಿದವಳು ಮೇಲೇಳಲಾಗಲಿಲ್ಲ. ಸೊಂಟ ಹಿಡಿದುಕೊಂಡಿತು.

"ಏಳೇ ಚನ್ನಾಜಿ, ಎಷ್ಟೊತ್ತು ಬಿದ್ದಿರ್ತೀಯ? ಸಾಕು ಭಕ್ತಿ," ಎಂದರು ಅತ್ತೆ.

"ಭಕ್ತಿ ಅಲ್ಲ ಅತ್ತೆಮ್ಮ, ಸೊಂಟ," ಎಂದೆ ನಾನು ನೆಲಕ್ಕೆ ಮುಖ ಮಾಡಿಕೊಂಡೇ.

ಅವರೇ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಅವರು ಹೋದಾಗ ನಾನು ಇಪ್ಪತ್ತು ವರ್ಷದ ಹೊಸ ಸೊಸೆ. ಆಮೇಲೆ, "ಏನೇ ಇದು, ಬಿಸಿಲಲ್ಲಿ ತಿರುಗಬ್ಯಾಡ ಅಂತ ಹೇಳಿದ್ನೋ ಇಲ್ವೋ?" ಎಂದರು.

ಮನೆಗೆ ಬಂದು ಊಟಕ್ಕೆ ಕೂತರು. ಸಾರು ಬಾಯಿಗಿಟ್ಟು ತಟ್ಟೆ ಪಕ್ಕಕ್ಕೆ ತಳ್ಳಿದರು.

"ಈಗಲೂ ಸಾರಿಗೆ ಉಪ್ಪು ಹಾಕೋದು ಕಲೀಲಿಲ್ವ? ಒಂದು ವರ್ಷ ಆಯ್ತಲ್ಲೇ!"

"ಐವತ್ತಾರು ವರ್ಷ ಆಯ್ತು ಅತ್ತೆಮ್ಮ."

"ಹಂಗಾದ್ರೆ ಇನ್ನೂ ನಾಚಿಕೆಗೇಡು."

ಪಕ್ಕದ ಮನೆಯವರು ಕಿಟಕಿಯಲ್ಲಿ ಸಾಲುಗಟ್ಟಿ ನೋಡಿ ನಗುತ್ತಿದ್ದರು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಹಲ್ಲಿಲ್ಲದ ಬಾಯಲ್ಲಿ ಬೈಸಿಕೊಳ್ಳುವ ಸುಖವೇ ಬೇರೆ. ಐವತ್ತು ವರ್ಷದಿಂದ ನನ್ನನ್ನು ಬೈಯುವವರೇ ಇರಲಿಲ್ಲ. ಎಲ್ಲರೂ ಅಜ್ಜಿ, ಅಜ್ಜಿ ಎಂದು ಮೆತ್ತಗೆ ಮಾತನಾಡಿಸಿ ನನ್ನನ್ನು ಅರ್ಧ ಕೊಂದೇ ಹಾಕಿದ್ದರು.

ಯುದ್ಧ ಹೇಗಿತ್ತು ಎಂದು ಕೇಳಿದೆ. ಅತ್ತೆ ಕೈ ಒದರಿದರು. "ಒಂದು ಕೋಟೆ ಮೇಲೆ ಮೂರು ದಿನ ಗುಂಡು ಹಾಕಿದ್ವಿ. ಆಮೇಲೆ ಕಾಗ್ದ ಬಂತು, ಆ ಕೋಟೆಯವರ ಜೊತೆ ನಲವತ್ತು ವರ್ಷದ ಹಿಂದೇನೇ ರಾಜಿ ಆಗೈತೆ ಅಂತ. ಅಯ್ಯೋ ಅಂದ್ಕೊಂಡು ಕೂತಿದ್ರೆ ಇನ್ನೊಂದು ಕಾಗ್ದ ಬಂತು, ಆ ರಾಜಿ ಮುರಿದುಬಿದ್ದು ಹತ್ತು ವರ್ಷ ಆಯ್ತಂತೆ. ಸದ್ಯ, ಗುಂಡು ದಂಡ ಆಗ್ಲಿಲ್ಲ."

ನಗಿಸಿದವರು ತಾವು ನಗಲಿಲ್ಲ. ಮಗನ ಸಮಾಧಿ ಎಲ್ಲಿ ಎಂದು ಕೇಳಿದರು. ಅವರ ಮಗ ಎಂದರೆ ನಮ್ಮ ಯಜಮಾನರು; ಮಾವ ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಯಜಮಾನರು ಹೋಗಿ ಆರು ವರ್ಷವಾಗಿತ್ತು, ನನ್ನ ಅಳು ಎಲ್ಲ ಮುಗಿದು ಕಣ್ಣು ಒಣಗಿತ್ತು. ಅತ್ತೆಗೆ ಆ ಸಾವಿನ ಕಾಗದ ಹಡಗಿನಲ್ಲಿ ಸಿಕ್ಕಿ ಆರೇ ವಾರ. ಇಪ್ಪತ್ತಮೂರರ ಹುಡುಗನನ್ನು ಬಿಟ್ಟುಹೋಗಿದ್ದರು. ವಾರಕ್ಕೊಂದು ಕಾಗದದಂತೆ ಅವನು ಅವರ ಕೈಯಲ್ಲೇ ನರೆತು, ಬಾಗಿ, ಎಪ್ಪತ್ತಮೂರಕ್ಕೆ ತೀರಿಹೋಗಿದ್ದ. ಸಮಾಧಿಯ ಮುಂದೆ ನಿಂತು, "ಒಂದೇ ವರ್ಷದಲ್ಲಿ ಮುಗಿಸಿಬಿಟ್ನಲ್ಲೇ," ಎಂದರು. ಅಷ್ಟೇ. ನಾನು ಅವರ ಕೈ ಹಿಡಿದುಕೊಂಡೆ. ನೋಡಿದವರು ತಾಯಿ ಮಗಳ ಕೈ ಹಿಡಿದಿದ್ದಾಳೆ ಎಂದುಕೊಂಡಿರಬೇಕು.

ಮನೆಗೆ ಬಂದರೆ ಅಂಗಳದಲ್ಲಿ ಹವಾಲ್ದಾರ ಗುರುಬಸಪ್ಪ ಪಟ್ಟಿ ಹಿಡಿದು ನಿಂತಿದ್ದ. ಹಡಗಿನ ಜೊತೆ ತಿರುಗುವ ಮನುಷ್ಯ, ಮೂವತ್ತು ದಾಟಿರಲಿಲ್ಲ. ನನ್ನ ಮದುವೆಯ ವರ್ಷ ಅತ್ತೆಯನ್ನು ಕರೆದೊಯ್ದವನೂ ಅವನೇ, ಆಗಲೂ ಮೂವತ್ತು ದಾಟಿರಲಿಲ್ಲ.

"ಹತ್ತು ದಿನಕ್ಕೆ ಹಡಗು ಹೊರಡ್ತದೆ. ಈ ಮನೆಯಿಂದ ವಿನುತ, ಇಪ್ಪತ್ನಾಲ್ಕು ವರ್ಷ. ಸರೀನಾ?" ಎಂದ.

ವಿನುತ ನನ್ನ ಮಗಳ ಮಗಳು. ಮಗಳು ಬೇಗ ಹೋದಳು, ಇವಳನ್ನು ಸಾಕಿದವಳು ನಾನು. ಮನೆ ಅಳಿಯನನ್ನು ತಂದು ಮದುವೆ ಮಾಡಿದ್ದೆ. ಆರು ತಿಂಗಳ ಹೆಣ್ಣು ಕೂಸು ಮಡಿಲಲ್ಲಿತ್ತು, ಇನ್ನೂ ಹೆಸರು ಕೂಡ ಇಟ್ಟಿರಲಿಲ್ಲ. ವಿನುತ ಬಾಗಿಲಲ್ಲಿ ನಿಂತು ಕೂಸಿಗೆ ಹಾಲು ಕೊಡುತ್ತಿದ್ದಳು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ನಮ್ಮೂರಲ್ಲಿ ಎಲ್ಲ ಹೆಂಗಸರಿಗೂ ಆ ಲೆಕ್ಕ ಬಾಯಿಪಾಠ. ಅವಳು ವಾಪಸು ಬರುವಾಗ ಅವಳಿಗೆ ಇಪ್ಪತ್ತೈದು, ಕೂಸಿಗೆ ಐವತ್ತಾರು. ಎದೆಹಾಲು ಬಿಡಿಸುವ ಮೊದಲೇ ಮಗಳು ಮುಟ್ಟು ನಿಂತ ಹೆಂಗಸಾಗಿರುತ್ತಾಳೆ.

ಹವಾಲ್ದಾರ ಹೋದ ಮೇಲೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಾನೇ ವಾಪಸ್ಸು ಹೋಗ್ತೀನಿ. ನನಗಿನ್ನೂ ನಲವತ್ತೆರಡು."

"ನೀವು ಹೋಗೋದು ಬ್ಯಾಡ," ಎಂದೆ.

"ಏನಂದೆ?"

"ಬ್ಯಾಡ ಅಂದೆ. ನಾನು ಹೋಗ್ತೀನಿ."

ಅತ್ತೆ ನಕ್ಕರು. ಎಷ್ಟು ನಕ್ಕರೆಂದರೆ ಅಟ್ಟದ ಮೇಲಿನ ಇಲಿಗಳು ಕೆಳಗೆ ಬಿದ್ದವು. "ನೀನು? ಅಂಗಳದಿಂದ ಹಿತ್ತಲಿಗೆ ಹೋಗೋಕೆ ಬುತ್ತಿ ಕಟ್ಕೊಂಡು ಹೋಗೋಳು ನೀನು! ಚುಕ್ಕಿ ಆಚೆ ಹೋಗ್ತೀಯ?"

"ಹೂಂ. ಕೇಳಿ ಅತ್ತೆಮ್ಮ. ನಾನಿಲ್ಲಿದ್ರೆ ಎಷ್ಟು ದಿನ? ಎರಡು ವರ್ಷ, ಮೂರು ವರ್ಷ. ಈ ಕೂಸಿಗೆ ನನ್ನ ಮುಖಾನೂ ನೆನಪಿರಲ್ಲ. ನೀವಿದ್ರೆ ಇದನ್ನ ದೊಡ್ಡದು ಮಾಡ್ತೀರ. ಇದರ ಕಿವಿ ನೋಡಿದ್ರಾ? ನಿಮ್ಮ ಮಗನ ಕಿವಿ. ಅವರು ಬೆಳೆದದ್ದು, ಬಾಳಿದ್ದು ನೀವು ನೋಡ್ಲಿಲ್ಲ. ಇದನ್ನಾದ್ರೂ ನೋಡಿ."

ಅತ್ತೆ ಕೂಸಿನ ಕಡೆ ನೋಡಲಿಲ್ಲ. ನೋಡಿದರೆ ಸೋಲುತ್ತೇನೆಂದು ಗೊತ್ತಿತ್ತು. ಮೂರು ದಿನ ನೋಡದೆ ಓಡಾಡಿದರು, ಮೂರು ದಿನ ನಾವಿಬ್ಬರೂ ಪಾತ್ರೆ ಕುಕ್ಕಿ ಜಗಳವಾಡಿದೆವು. ಬೀದಿಯವರು ಕೆಲಸ ಬಿಟ್ಟು ಕೇಳಲು ಬರುತ್ತಿದ್ದರು. ಒಬ್ಬಾತ ಜಗಲಿಯ ಮೇಲೆ ಕಡಲೆಪುರಿ ಮಾರಲು ಶುರು ಮಾಡಿದ. ನಾಲ್ಕನೇ ದಿನ ಕೂಸೇ ತೆವಳಿಕೊಂಡು ಹೋಗಿ ಅತ್ತೆಯ ಕಾಲಿನ ಹೆಬ್ಬೆರಳು ಬಾಯಿಗಿಟ್ಟುಕೊಂಡಿತು. ಅತ್ತೆ ಬಗ್ಗಿ ಎತ್ತಿಕೊಂಡರು. ಕಿವಿ ನೋಡಿದರು. ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದವರು, "ನಿನ್ನ ವಯಸ್ಸಿಗೆ ಏನೇ ಮಾಡೋದು?" ಎಂದು ಮಾತ್ರ ಕೇಳಿದರು.

"ಮನೆಗೆ ಹಿರೀಕರು ನೀವು. ನೀವು ಹೇಳಿದ್ದೇ ವಯಸ್ಸು."

"ಸುಳ್ಳು ಹೇಳಲ್ಲ ನಾನು. ಹಡಗಿನ ತೋಪಿನ ಮೇಲೆ ಕೈಯಿಟ್ಟು ಆಣೆ ಮಾಡ್ಬೇಕು."

"ನಿಮಗೆ ಗೊತ್ತಿರೋದನ್ನೇ ಹೇಳಿ. ನನ್ನ ಮನೆ ತುಂಬಿಸ್ಕೊಂಡು ನಿಮಗೆ ಎಷ್ಟು ದಿನ ಆಯ್ತು?"

ಅತ್ತೆಯ ಮುಖದ ಮೇಲೆ ನಿಧಾನವಾಗಿ ಒಂದು ನಗು ಹತ್ತಿತು. ಒಲೆಗೆ ಬೆಂಕಿ ಹತ್ತಿದ ಹಾಗೆ.

ಹತ್ತನೇ ದಿನ ಬಂಡೆಯ ಮೇಲೆ ಊರೆಲ್ಲ ಸೇರಿತ್ತು. ಹವಾಲ್ದಾರ ನಮ್ಮ ಮನೆಯ ಹೆಸರು ಕೂಗಿದ. ನಾನು ಮುಂದೆ ಬಂದೆ. ಅವನು ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ಬಗ್ಗಿ ನೋಡಿದ.

"ಹತ್ತೋಳು ಎಲ್ಲಿ ತಾಯಿ?"

"ನಾನೇ ಕಣಪ್ಪ."

ಆಣೆಗೆಂದು ಬಂಡೆಯ ಮೇಲೆ ಇಳಿಸಿಟ್ಟಿದ್ದ ತೋಪಿನ ಮೇಲೆ ಅತ್ತೆ ಕೈಯಿಟ್ಟರು. "ಇವಳು ನನ್ನ ಸೊಸೆ ಚನ್ನಾಜಿ. ಹೋದ್ಸಲ ನಾನು ಹಡಗು ಹತ್ತೋ ಮುಂಚೆ ಮನೆ ತುಂಬಿಸ್ಕೊಂಡೆ. ಆಗ ಇಪ್ಪತ್ತು. ನಾನು ಬಾಳಿದ ಲೆಕ್ಕದಲ್ಲಿ ಒಂದು ವರ್ಷದ ಮೇಲೆ ಒಂದು ತಿಂಗಳು ಆಗೈತೆ. ಇಪ್ಪತ್ತೊಂದು ಅಂತ ಬರ್ಕೊಳಿ."

ಊರಿನ ಗಂಟಲಿನಲ್ಲಿ ಸಿಕ್ಕಿಕೊಂಡ ನಗು ಗೊರ್ ಗೊರ್ ಎನ್ನುತ್ತಿತ್ತು.

"ಈ ಅಜ್ಜಿಗೆ ಇಪ್ಪತ್ತೊಂದಾ?" ಹವಾಲ್ದಾರನ ದನಿ ಕೀರಲಾಯಿತು.

"ಯಾರನ್ನಯ್ಯ ಅಜ್ಜಿ ಅಂತೀಯ? ಹೋದ ವರ್ಷ ನಮ್ಮನೇಲಿ ಮಜ್ಜಿಗೆ ಕುಡಿದ್ಯಲ್ಲ, ತಂದುಕೊಟ್ಟೋಳು ಯಾರು? ನೋಡ್ಕೊ ಸರಿಯಾಗಿ."

ಅವನು ನೋಡಿಕೊಂಡ. ಅವನಿಗೆ ಅದು ಹೋದ ವರ್ಷವೇ. ಅವನ ಕಣ್ಣು ನನ್ನ ಮುಖದ ಸುಕ್ಕುಗಳೊಳಗೆ ಒಬ್ಬ ಹುಡುಗಿಯನ್ನು ಹುಡುಕಿತು, ಸಿಕ್ಕಿರಬೇಕು, ಯಾಕೆಂದರೆ ಅವನ ಕಿವಿ ಕೆಂಪಾಯಿತು. "ಹೌದು, ಆಕೆಯೇ," ಎಂದು ಗೊಣಗಿದ. "ಆದ್ರೆ ಏಣಿ? ಏಣಿ ತಾನಾಗೇ ಹತ್ತಬೇಕು. ಯಾರೂ ಕೈ ಕೊಡೋ ಹಂಗಿಲ್ಲ. ಹತ್ತಿದ್ರೆ ಬರ್ಕೋತೀನಿ. ಇಲ್ಲಾಂದ್ರೆ ವಿನುತ."

ಏಣಿಗೆ ನಲವತ್ತು ಮೆಟ್ಟಿಲು. ನಾನು ಹತ್ತುವಾಗ ಅದಕ್ಕೆ ನಾಲ್ಕು ಸಾವಿರ ಇತ್ತು. ಐದನೆಯದಕ್ಕೆ ಮೊಣಕಾಲು ಮುಷ್ಕರ ಹೂಡಿತು. ಹನ್ನೆರಡನೆಯದಕ್ಕೆ ನನ್ನ ಅಪ್ಪ, ಅಮ್ಮ, ಯಜಮಾನರು ಎಲ್ಲರೂ ಕಣ್ಣ ಮುಂದೆ ಬಂದು ಕುಶಲ ವಿಚಾರಿಸಿ ಹೋದರು. ಇಪ್ಪತ್ತರಲ್ಲಿ ಕೂತುಕೊಂಡು ಎಲೆ ಅಡಿಕೆ ಹಾಕಿಕೊಂಡೆ. ಕೂರಬಾರದು ಎಂಬ ಕಾನೂನು ಇರಲಿಲ್ಲ. ಕೆಳಗೆ ಊರೆಲ್ಲ ಕತ್ತು ಮೇಲೆತ್ತಿ ನಿಂತಿತ್ತು. ಲೋಕವನ್ನೆಲ್ಲ ಬೈಯುವ ಅತ್ತೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡು ನಿಂತಿದ್ದರು. ವಿನುತ ಕಣ್ಣು ಮುಚ್ಚಿಕೊಂಡಿದ್ದಳು. ಮೂವತ್ತಾರಕ್ಕೆ ಕಾಲು ಜಾರಿತು, ಹತ್ತು ಸಾವಿರ ಬಾಯಿಂದ ಅಯ್ಯೋ ಬಂತು. ಊರಲ್ಲಿ ಇದ್ದದ್ದು ಆರುನೂರು ಜನ, ಆದರೂ ಹತ್ತು ಸಾವಿರ ಅಯ್ಯೋ ನಾನೇ ಕಿವಿಯಾರೆ ಕೇಳಿದೆ. ಉಳಿದ ನಾಲ್ಕು ಮೆಟ್ಟಿಲನ್ನು ಹೊಟ್ಟೆಯ ಮೇಲೆ ತೆವಳಿ ಹತ್ತಿದೆ. ತೆವಳಬಾರದು ಎಂಬ ಕಾನೂನೂ ಇರಲಿಲ್ಲ.

ಮೇಲೆ ಹೋದ ಮೇಲೆ ನನಗೆ ಕೋಪ ಬಂತು. ಇಷ್ಟು ಸುಖವಿದೆ ಎಂದು ಒಬ್ಬರೂ ಹೇಳಿರಲಿಲ್ಲ! ಅಲ್ಲಿ ಯಾರಿಗೂ ತೂಕವೇ ಇಲ್ಲ. ಮಂಡಿಗೆ ಕೆಲಸವಿಲ್ಲ, ಸೊಂಟಕ್ಕೆ ಕೆಲಸವಿಲ್ಲ, ಒಂದು ಬೆರಳಲ್ಲಿ ಗೋಡೆ ಮುಟ್ಟಿದರೆ ಹತ್ತಿಯ ಎಳೆಯ ಹಾಗೆ ತೇಲುತ್ತೇನೆ. ಸೀರೆ ಮಾತ್ರ ಕೊಡೆಯ ಹಾಗೆ ಬಿಚ್ಚಿಕೊಂಡು ಮಾನ ಕಳೆಯಿತು, ಎರಡನೇ ದಿನವೇ ಪ್ಯಾಂಟು ಹಾಕಿಕೊಂಡೆ. ತೋಪಿಗೆ ಗುಂಡು ತುಂಬುವುದು ನನ್ನ ಕೆಲಸ. ಎಮ್ಮೆಯಷ್ಟು ದೊಡ್ಡ ಗುಂಡನ್ನು ರಾಗಿ ಮುದ್ದೆಯ ಹಾಗೆ ಉರುಳಿಸಿ ಬಾಯಿಗೆ ಹಾಕುತ್ತಿದ್ದೆ. ಜೊತೆಯ ಹುಡುಗಿಯರು ನನ್ನನ್ನು 'ಇಪ್ಪತ್ತೊಂದು' ಎಂದೇ ಕರೆಯುತ್ತಿದ್ದರು.

ಮೂರನೇ ವಾರ ನಿಜವಾದ ಹೊಡೆದಾಟವಾಯಿತು. ಎದುರಿನ ತೋಪಿನ ಇಬ್ಬರು ಹುಡುಗಿಯರು, ಬೆಳಗ್ಗೆ ನನ್ನ ಜಡೆ ಹಾಕಿದವರು, ಮಧ್ಯಾಹ್ನಕ್ಕೆ ಇರಲಿಲ್ಲ. ಅವರ ಊರುಗಳಿಗೆ ಸಣ್ಣ ದೋಣಿ ಹೊರಟಿತು. ಅದು ಹೊರಡುವುದನ್ನು ನೋಡುತ್ತಾ ನಿಂತಾಗ ನನ್ನ ಕೆಲಸ ಏನೆಂಬುದು ನನಗೆ ಸರಿಯಾಗಿ ತಿಳಿಯಿತು. ಗುಂಡು ತುಂಬುವುದಲ್ಲ, ಯುದ್ಧ ಗೆಲ್ಲುವುದೂ ಅಲ್ಲ. ಸಾಯದೆ ಇರುವುದು. ನಾನು ಒಂದು ವಾರ ಬದುಕಿದರೆ ಕೆಳಗೆ ಆ ಕೂಸಿಗೆ ಒಂದು ವರ್ಷ. ಅದಕ್ಕೆ ನಲವತ್ತೈದು ದಾಟುವವರೆಗೆ ನಾನು ಉಸಿರು ಬಿಡುವ ಹಾಗಿಲ್ಲ.

ಅವತ್ತಿನಿಂದ ನನ್ನಷ್ಟು ಹೇಡಿ ಇಡೀ ಸೈನ್ಯದಲ್ಲಿ ಇರಲಿಲ್ಲ. ಮಲಗುವಾಗಲೂ ಕಬ್ಬಿಣದ ಟೋಪಿ. ಒಂದೊಂದು ತುತ್ತನ್ನೂ ನೂರು ಸಲ ಅಗಿಯುತ್ತಿದ್ದೆ, ಹಲ್ಲಿಲ್ಲದಿದ್ದರೂ. ಸೀನು ಬಂದರೆ ವೈದ್ಯರನ್ನು ಎಬ್ಬಿಸುತ್ತಿದ್ದೆ.

ವಾರಕ್ಕೊಂದು ಕಾಗದ ಬರುತ್ತಿತ್ತು. ಮೊದಲನೆಯದು ಅತ್ತೆ ವಿನುತಳ ಕೈಯಲ್ಲಿ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದು: "ಕೂಸಿಗೆ ಚನ್ನಾಜಿ ಅಂತ ಹೆಸರಿಟ್ಟೆ. ನೀನು ಹೋದ್ಮೇಲೆ ಆ ಹೆಸರು ಹಿಡಿದು ಬೈಯೋಕೆ ಯಾರೂ ಇಲ್ಲದೆ ಬಾಯಿ ಕಡೀತಿತ್ತು." ಮುಂದಿನ ವಾರ ಚನ್ನಾಜಿ ಓಡುತ್ತಿದ್ದಳು. ಅದರ ಮುಂದಿನ ಆರು ವಾರಕ್ಕೆ ಮಗ್ಗಿ ಒಪ್ಪಿಸುತ್ತಿದ್ದಳು. ಹತ್ತೊಂಬತ್ತನೇ ವಾರ ಮದುವೆ, ಇಪ್ಪತ್ತೆರಡನೇ ವಾರ ಅಂಬುಜ ಎಂಬ ಮಗಳು. ಮೂವತ್ತೈದನೇ ವಾರದ ಕಾಗದದಲ್ಲಿ ಅತ್ತೆಗೆ ಎಪ್ಪತ್ತೇಳು. ಕೊನೆಗೂ ನನ್ನನ್ನು ದಾಟಿಬಿಟ್ಟಿದ್ದರು. "ಈಗ ಮಂಡಿನೋವು ಅಂದ್ರೆ ಏನು ಅಂತ ಗೊತ್ತಾಯ್ತು ಕಣೇ," ಎಂದು ಬರೆಸಿದ್ದರು. "ನೀನು ಹೇಳ್ತಿದ್ದಾಗ ಸೋಮಾರಿತನ ಅಂದ್ಕೊಂಡಿದ್ದೆ. ಹೋಗ್ಲಿ ಬುಡು, ನೀನಿನ್ನೂ ಎಪ್ಪತ್ತಾರರ ಹುಡುಗಿ, ನಿನಗೇನು ತಿಳೀತದೆ." ನಾನು ಗಾಳಿಯಲ್ಲಿ ಪಲ್ಟಿ ಹೊಡೆದು ನಕ್ಕೆ. ನಲವತ್ತೆರಡನೇ ವಾರದ ಕಾಗದದಲ್ಲಿ ಅವರ ಹೆಬ್ಬೆಟ್ಟಿನ ಗುರುತು ಇರಲಿಲ್ಲ. ವಿನುತ ಎರಡೇ ಸಾಲು ಬರೆದಿದ್ದಳು. ಆ ವಾರ ನಾನು ಗುಂಡು ತುಂಬಲಿಲ್ಲ, ಯಾರೂ ಕೇಳಲಿಲ್ಲ.

ನಲವತ್ತೈದು ವಾರ ಕಳೆದ ಮೇಲೆ ಚನ್ನಾಜಿಯ ಕಾಗದ ಬಂತು. "ಅಜ್ಜಿ, ನನಗೆ ನಲವತ್ತೈದು ದಾಟ್ತು. ಇನ್ಮೇಲೆ ನೀನು ನಿಶ್ಚಿಂತೆಯಿಂದ ಸಾಯಬಹುದು." ಕೊಬ್ಬು ನೋಡಿ! ಆದರೆ ಕೆಳಗೆ ಇನ್ನೊಂದು ಸಾಲು ಇತ್ತು: ಅಂಬುಜಳಿಗೆ ಇಪ್ಪತ್ತಮೂರು ತುಂಬಿತು, ಬಾಣಂತನಕ್ಕೆ ಬಂದಿದ್ದಾಳೆ. ನಾನು ಟೋಪಿ ತೆಗೆಯಲು ಕೈ ಎತ್ತಿದ್ದವಳು ಮತ್ತೆ ಬಿಗಿ ಮಾಡಿಕೊಂಡೆ.

ಹವಾಲ್ದಾರನನ್ನು ಹುಡುಕಿಕೊಂಡು ತೇಲಿಕೊಂಡು ಹೋದೆ. "ಗುರುಬಸಪ್ಪ, ಇಳಿದ್ರೆ ತಾನೆ ಇನ್ನೊಬ್ಳು ಹತ್ತಬೇಕಾದ್ದು?"

"ಹೌದು ತಾಯಿ."

"ಇಳೀದೇ ಹೋದ್ರೆ?"

ಅವನು ಪಟ್ಟಿ ತಿರುವಿ ತಿರುವಿ ನೋಡಿದ. "ಹಂಗೆ ಯಾರೂ ಕೇಳಿಲ್ಲ. ಎಲ್ರೂ ಇಳೀತಾರೆ," ಎಂದ. ಆಮೇಲೆ ಮೆಲ್ಲಗೆ, "ನಿಮಗೆ ಅವರನ್ನೆಲ್ಲ ಮುಟ್ಟಿ ನೋಡ್ಬೇಕು ಅನ್ಸಲ್ವ?" ಎಂದು ಕೇಳಿದ.

"ನಿನ್ನ ಕೆಲ್ಸ ನೋಡ್ಕೊ," ಎಂದೆ.

ಐವತ್ತಾರನೇ ವಾರ ಹಡಗು ಬಂಡೆಯ ಮೇಲೆ ಇಳಿಯಿತು. ಬಾಗಿಲು ತೆರೆಯಿತು. ನನ್ನ ತೂಕವೆಲ್ಲ ಒಮ್ಮೆಗೇ ಮೈಮೇಲೆ ಬಂದು ಬಿತ್ತು, ಚೌಕಟ್ಟು ಹಿಡಿದು ನಿಂತೆ. ಕೆಳಗೆ ಒಂದು ಕುರ್ಚಿಯಲ್ಲಿ ಬೊಚ್ಚುಬಾಯಿಯ ಮುದುಕಿ ಕೂತಿದ್ದಳು. ವಿನುತ. ಎಂಬತ್ತು ವರ್ಷ. ನನ್ನ ಮೊಮ್ಮಗಳು ನನಗಿಂತ ಮುದುಕಿ. ನನ್ನ ಕಡೆ ಕೈ ಮೇಲೆತ್ತಿದಳು. ಅವಳ ಪಕ್ಕದಲ್ಲಿ ಅಂಬುಜ, ಸೆರಗು ಹಿಡಿದುಕೊಂಡ ಮೂರು ಮಕ್ಕಳು. ಅವಳು ಆಗಲೇ ಗಂಟು ಕಟ್ಟಿಕೊಂಡು, ಹತ್ತಲು ಸಿದ್ಧವಾಗಿ ಬಂದಿದ್ದಳು. ಮುಂದೆ, ಸೊಂಟಕ್ಕೆ ಕೈಕೊಟ್ಟು, ಐವತ್ತಾರು ದಾಟಿದ ಒಬ್ಬ ಗಟ್ಟಿ ಹೆಂಗಸು. ಕಿವಿ ನೋಡಿಯೇ ಗುರುತು ಹಿಡಿದೆ.

"ಇಳಿಯೇ ಅಜ್ಜಿ! ಯಾಕೆ ನಿಂತಿದ್ದೀಯ?"

"ಇಳಿಯಲ್ಲ ಕಣೇ!" ಎಂದು ಕೂಗಿದೆ. "ಅಂಬುಜಂಗೆ ಗಂಟು ಬಿಚ್ಚು ಅಂತ ಹೇಳು!"

ಅಂಬುಜ ಗಂಟಿನ ಮೇಲೇ ಕುಸಿದು ಕೂತಳು, ಮಕ್ಕಳು ಅವಳ ಮೇಲೆ ಬಿದ್ದವು. ಚನ್ನಾಜಿಗೆ ಅರ್ಥವಾಯಿತು. ಅರ್ಥವಾದದ್ದೇ ತಡ, ಬಾಯಿ ತೆರೆದಳು.

"ಹೇಳೋರು ಕೇಳೋರು ಇಲ್ವೇನೇ ನಿನಗೆ? ವಯಸ್ಸಾಯ್ತು, ಬುದ್ಧಿ ಬರ್ಲಿಲ್ವ? ಪ್ಯಾಂಟು ಬೇರೆ ಹಾಕ್ಕೊಂಡು ನಿಂತವ್ಳೆ! ಮುದ್ದೆ ಮಾಡಿಟ್ಟು ಬಂದಿದ್ದೀನಿ, ಆರೋಗ್ತದೆ, ಯಾರು ತಿಂತಾರೆ ಅದನ್ನ? ಐವತ್ತಾರು ವರ್ಷದಿಂದ ಕಾಯ್ತಿದ್ದೀನಲ್ಲೇ ನಾನು, ನಿನಗೆ ಕಣ್ಣಿಲ್ವಾ, ಮೂಗಿಲ್ವಾ..."

ಒಂದೊಂದು ಮಾತೂ, ಅದರ ಏರು, ಇಳುಕು, ನಡುವೆ ಉಸಿರೆಳೆದುಕೊಳ್ಳುವ ರೀತಿ, ಎಲ್ಲವೂ ನಮ್ಮ ಅತ್ತೆಯದು. ಹುಡುಗಿಯನ್ನು ಚೆನ್ನಾಗಿ ಬೆಳೆಸಿದ್ದರು. ಬೈಯುತ್ತಲೇ ಅಳುತ್ತಿದ್ದಳು, ಅಳುತ್ತಲೇ ಇನ್ನೂ ಜೋರಾಗಿ ಬೈಯುತ್ತಿದ್ದಳು. ಹವಾಲ್ದಾರ ಗುರುಬಸಪ್ಪ ಬಾಗಿಲು ಮುಚ್ಚುವ ಹಿಡಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ.

"ತಡಿಯಪ್ಪ," ಎಂದೆ. "ಪೂರ್ತಿ ಬೈಲಿ."